ಹಲಗೆಯ ಆ ತುದಿ

ಹೇಳದೆ ಇಳಿಯಲ್ಲ ಕಣೋ ಅಣ್ಣ, ಇನ್ನು ಯಾವತ್ತೂ ಇಳಿಯಲ್ಲ — ಬಿಳಿ ಬೋರ್ಡಿನ ಮೇಲೆ ಅವಳೇ ಎಳೆದ ನಾಲ್ಕು ಚೌಕಗಳಿಗೆ ಕಿಟಕಿಯ ಬಿಸಿಲು ಜಾರಿ ಬಂದು ಕೂತಿತ್ತು, ಚೌಕಗಳು ಹೊಲಗಳಾದವು, ನಡುವಿನ ಗೆರೆ ಬದುವಾಯಿತು, ಬದುವಿನಾಚೆ ಮರದ ದಿಮ್ಮಿ, ದಿಮ್ಮಿಯ ಮೇಲೆ ಅಡ್ಡ ಹಲಗೆ, ಏರುವ ಇಳಿಯುವ ಆಟ, ಆ ತುದಿಯಲ್ಲಿ ಅಣ್ಣ, ಗಾಳಿಯಲ್ಲಿ ಎರಡು ಕಾಲು, ಕಳಚಲಿರುವ ಒಂದು ಚಪ್ಪಲಿ. ಅಮ್ಮ ಕೂಗಿದಳೆಂದು ಇವಳು ಈ ತುದಿಯಿಂದ ಥಟ್ಟನೆ ಎದ್ದು ಓಡಿದ್ದಳು, ಅಷ್ಟೆ, ಅಣ್ಣನ ಮುಂದಿನ ಹಲ್ಲು ಅರ್ಧ ಹೋಯಿತು, ಅತ್ತು ಅತ್ತು ಕೊಟ್ಟ ಮಾತು ಅದು, ಆ ಸಂದಿಯಿಂದ ಇವತ್ತಿಗೂ ಸ ಅಂದಾಗಲೆಲ್ಲ ಒಂದು ಸಿಳ್ಳೆ — ಮೇಡಂ, ಎಲ್ಲಿಗೆ ಹೋದ್ರಿ, ಇಲಾಖೆಯ ನಿರ್ದೇಶಕರು, ಇಲ್ಲೇ ಇದೀನಿ ಸರ್, ಇಲ್ಲೇ, ಬ್ಯಾಗಿನಲ್ಲಿ ಮಗಳ ಒಂಟಿ ಕಾಲುಚೀಲ, ರೆಪ್ಪೆಯ ಮೇಲೆ ಕಲ್ಲಿನಂಥ ಜೊಂಪು. ಸರ್ಕಾರ ನಿಗದಿತ ಬೆಲೆಗೆ ಆಲೂಗಡ್ಡೆ ಕೊಳ್ಳುವುದು ನಿಲ್ಲಬೇಕು, ಗೋದಾಮುಗಳಲ್ಲಿ ಕೊಳೆತು ನಾರುತ್ತಿದೆ, ಎಲ್ಲರಿಗೂ ಗೊತ್ತು, ಬೆಳೆಗಾರರಿಗೂ ಗೊತ್ತು, ಆದರೆ ಸರ್ಕಾರ ಕೊಳ್ಳುತ್ತಿರುವವರೆಗೆ ಅವರು ಬೆಳೆ ಬದಲಿಸುವುದಿಲ್ಲ, ಅವರು ಬದಲಿಸುವವರೆಗೆ ಇವರು ನಿಲ್ಲಿಸುವುದಿಲ್ಲ, ಮೊದಲು ಇಳಿದವರ ಕಾಲು ನೆಲಕ್ಕೆ, ಇನ್ನೊಬ್ಬರ ಹಲ್ಲು ನೆಲಕ್ಕೆ. ಆಟದ ಸಿದ್ಧಾಂತ ಅಂದ್ರೆ ಇಸ್ಪೀಟಾ ಮೇಡಂ, ಅಲ್ಲ ಸರ್, ಎದುರಿನವರು ಏನು ಮಾಡ್ತಾರೆ ಅಂತ ಲೆಕ್ಕ ಹಾಕಿ ಹೆಜ್ಜೆ ಇಡೋದು, ಈ ಮೂಲೆ ಚೌಕ ನೋಡಿ, ಇಬ್ಬರೂ ಒಟ್ಟಿಗೆ ಇಳಿದ್ರೆ ಯಾರಿಗೂ ಪೆಟ್ಟಿಲ್ಲ. ಒಟ್ಟಿಗೆ ಇಳೀಬೇಕಂದ್ರೆ ಮೊದಲೇ ಹೇಳ್ಬೇಕಲ್ಲ, ಹೋದ ಸಲ ಹೇಳಿದ್ವಿ, ರೈತರು ಆಫೀಸಿನ ಗೇಟಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ರು, ನಾವು ಬಾಲ ಮುದುರಿಕೊಂಡು ಮತ್ತೆ ಹತ್ತಿ ಕೂತ್ವಿ. ಅದಕ್ಕೇ ಈ ಸಲ ಬಿತ್ತನೆ ಮುಗಿದ ಮೇಲೆ ಘೋಷಣೆ, ಅಲ್ಲಿಯವರೆಗೆ ಗುಟ್ಟು, ಮಣ್ಣಿಗಿಳಿದ ಕೈಗಳು ಬೀದಿಗೆ ಬರುವುದಿಲ್ಲ — ಈ ಸಲಹೆ ಬರೆದವಳು ಅವಳೇ, ಕಾಗದದ ಮೇಲೆ ಎಷ್ಟು ಚೆಂದ ಕಂಡಿತ್ತು ಅದು.

ಫೋನು ನಡುಗುತ್ತದೆ, ಅಣ್ಣ, ಒಂದ್ನಿಮಿಷ ಸರ್, ಕಾರಿಡಾರಿನ ತಣ್ಣನೆಯ ಗೋಡೆಗೆ ಬೆನ್ನು, ಕಿವಿಯೊಳಗೆ ಹೊಲದ ಗಾಳಿ. ಬೀಜದ ಆಲೂಗಡ್ಡೆ ಕತ್ತರಿಸಿ ಇಟ್ಟಿದೀನಿ ಕಣೇ, ನಾಳೆ ಹಾಕ್ಸೋದು, ಇನ್ಮುಂದೆ ಸರ್ಕಾರ ಕೊಳ್ಳಲ್ಲ ಅಂತ ಯಾರೋ ಹಬ್ಬಿಸಿದಾರೆ, ಸುಳ್ಳು ತಾನೆ — ಸುಳ್ಳಿಗೊಂದು ಸಿಳ್ಳೆ — ಎಲ್ಲರೂ ಬಂದು ನನ್ನೇ ಕೇಳ್ತಾರೆ, ಹಂಗಿದ್ದಿದ್ರೆ ನನ್ ತಂಗಿ ಹೇಳದೆ ಇರ್ತಿದ್ಲೇನ್ರೋ ಅಂದೆ, ಸುಮ್ನಾದ್ರು. ಹಾಗಾದರೆ ಅವಳ ಮೌನವೇ ಬಿತ್ತನೆಗೆ ಅಪ್ಪಣೆ, ಆ ಮೌನ ನಂಬಿ ಊರಿಗೆ ಊರೇ ಹಲಗೆ ಹತ್ತಿ ಕೂತಿದೆ, ಇದು ಯಾವ ಚೌಕದಲ್ಲೂ ಇರಲಿಲ್ಲ, ಬೇಡ ಅಣ್ಣ ಎಂಬ ಎರಡು ಮಾತು ಸಾಕು, ನಾಲಗೆಯ ತುದಿಗೆ ಬಂದಿದೆ, ಅಣ್ಣನಿಗೆ ಹೇಳಿದರೆ ಊರಿಗೆ ಹೇಳಿದಂತೆ, ಮತ್ತೆ ಟ್ರ್ಯಾಕ್ಟರು, ಮತ್ತೆ ಗೋದಾಮು, ಮತ್ತೆ ಆ ನಾತ — ಏನೇ, ಉಸಿರೇ ಇಲ್ಲ, ಮಲಗೋಕೇನಾ ಸಂಬಳ ಕೊಡೋದು ನಿಂಗೆ? ನಗು ಬಂತು, ಕಣ್ಣೂ ತುಂಬಿತು. ನಂಗೇನೂ ಗೊತ್ತಿಲ್ಲ ಅಣ್ಣ. ಸರಿ ಬಿಡು, ಹಾಕ್ಸಿಬಿಡ್ತೀನಿ, ಸಂಜೆ ಮಗು ಹತ್ರ ಮಾತಾಡ್ತೀನಿ, ಸ, ಸ, ಬಾಗಿಲ ಸಂದಿನಿಂದ ಬೋರ್ಡು, ಬಿಸಿಲು, ಹಲಗೆ, ಗಾಳಿಯಲ್ಲಿ ಎರಡು ಕಾಲು, ಕಳಚಲಿರುವ ಒಂದು ಚಪ್ಪಲಿ, ಒಂದು ಚಪ್ಪಲಿ.

ಅವಳು ಹೇಳದೆ ಇಳಿದಳು.