ಹಿಸಾಮೊರಿಯಲ್ಲಿ ಐವತ್ತು ಸೆಕೆಂಡು

"ಹಿಸಾಮೊರಿ, ನಿಲುಗಡೆ!" ಎಂದು ಕೂಗಿ, ಬಿಳಿ ಕೈಗವಸಿನ ಬೆರಳನ್ನು ಮುಂದಿನ ಗಾಜಿನತ್ತ ಚಾಚಿ, ಬ್ರೇಕಿನ ಹಿಡಿ ತಿರುಗಿಸಿದೆ. ಡಬ್ಬಿ ನರಳಿತು, ನಿಧಾನಿಸಿತು, ನಿಂತಿತು. ಎಲ್ಲಿ ನಿಲ್ಲಬೇಕೋ ಅಲ್ಲೇ, ಒಂದು ಗೇಣೂ ಹೆಚ್ಚುಕಡಿಮೆಯಿಲ್ಲ. ಬಾಗಿಲು ತೆರೆದೆ.

ಪ್ಲಾಟ್‌ಫಾರ್ಮಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಹೆಸರಿನ ಹಲಗೆ ಇದ್ದ ಕಡೆ ಎರಡು ಬೋಳು ಕಂಬಗಳು. ಹಿಸಾಮೊರಿ ನಿಲ್ದಾಣವನ್ನು ಮುಚ್ಚಿ ಅಂದಿಗೆ ಹದಿಮೂರು ದಿನವಾಗಿತ್ತು.

ಒಳಗೆ ಎಲ್ಲರೂ ತೂಕಡಿಸುತ್ತಿದ್ದರು. ಬೆಳಗಿನ ಆರು ಐವತ್ತೆರಡರ ಗಾಡಿಯಲ್ಲಿ ಯಾರೂ ಕಣ್ಣು ಬಿಟ್ಟು ಕೂರುವುದಿಲ್ಲ. ಒಬ್ಬ ಹೆಂಗಸು ಮಾತ್ರ ಎದ್ದಳು. ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮುಗಿಸಿ ಮನೆಗೆ ಮರಳುವ ಮಕಾಬೆ. ಅರ್ಧ ಮುಚ್ಚಿದ ಕಣ್ಣಲ್ಲೇ ಪಾಸು ತೋರಿಸಿ, "ಬರ್ತೀನಪ್ಪಾ" ಎಂದು ಇಳಿದಳು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ನುಸುಳುವಂತೆ ಹಗ್ಗ ಎತ್ತಿ ನುಸುಳಿ ಹೋದಳು.

ಮುಂದಿನ ಸೀಟಿನ ಗುಮಾಸ್ತ ಒಂದು ಕಣ್ಣು ತೆರೆದ. "ಇಲ್ಲಿ ಇನ್ನೂ ನಿಲ್ಲತ್ತಾ?"

"ಇಲ್ಲ" ಎಂದೆ. ಮೈಕಿನಲ್ಲಿ ಕ್ಷಮೆ ಕೇಳಿ ಬಾಗಿಲು ಮುಚ್ಚಿದೆ.

ಒಟ್ಟು ಐವತ್ತು ಸೆಕೆಂಡು. ನಮ್ಮದು ಒಂಟಿ ಹಳಿಯ ಮಾರ್ಗ. ಎದುರುಬದುರಿನ ಗಾಡಿಗಳು ಒಂದನ್ನೊಂದು ದಾಟುವ ಕವಾಮಿ ನಿಲ್ದಾಣದಲ್ಲಿ ಎದುರಿನ ಗಾಡಿ ನನಗಾಗಿ ಕಾದು ನಿಂತಿತ್ತು. ಆದರೆ ಜಂಕ್ಷನ್ನಿನ ವೇಗದ ಗಾಡಿ ಯಾರಿಗೂ ಕಾಯುವುದಿಲ್ಲ. ನಾವು ಪ್ಲಾಟ್‌ಫಾರ್ಮು ಮುಟ್ಟುವಾಗ ಅದರ ಬಾಲ ಕಾಣುತ್ತಿತ್ತು. ತಡವಾಯಿತೆಂದು ಕಚೇರಿಗೆ, ಶಾಲೆಗೆ ತೋರಿಸುವ ಚೀಟಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ಮೂವತ್ತೊಂದು ಜನರಿಗೆ ಕೊಟ್ಟೆ. ಯಾರೂ ಬೈಯಲಿಲ್ಲ. ಯಾರಾದರೂ ನಿಂತು ಬೈದಿದ್ದರೆ ಮುಂದಿನ ಚೀಟಿಯವರೆಗೆ ಸೊಂಟಕ್ಕೆ ಒಂದಿಷ್ಟು ಬಿಡುವಾದರೂ ಸಿಗುತ್ತಿತ್ತು.

ಈ ಮಾರ್ಗ ಹಾಕಿದ್ದು ಬೆಟ್ಟದಿಂದ ಸುಣ್ಣದ ಕಲ್ಲು ಇಳಿಸಲಿಕ್ಕೆ. ಕಲ್ಲಿನ ಹಿಂದೆ ಜನ ಬಂದರು. ನಾನು ಹದಿನೆಂಟಕ್ಕೆ ಸೇರಿದಾಗ ಹದಿನಾಲ್ಕು ನಿಲ್ದಾಣ, ನಾಲ್ಕು ಡಬ್ಬಿ. ಬಾಗಿಲು ಮುಚ್ಚಲು ಜನರ ಬೆನ್ನಿಗೆ ಭುಜ ಕೊಟ್ಟು ತಳ್ಳುತ್ತಿದ್ದೆವು. ಕಲ್ಲಿನ ಗಣಿ ನಿಂತಿತು. ಡಬ್ಬಿ ಎರಡಾಯಿತು, ಒಂದಾಯಿತು. ಟಿಕೆಟಿನವನು ಹೋದ, ಗಾರ್ಡು ಹೋದ, ಅವರ ಕೆಲಸ ಮಾತ್ರ ಹೋಗಲಿಲ್ಲ, ನನ್ನ ಹತ್ತಿರ ಬಂತು. ಈಗ ಒಂಬತ್ತು ನಿಲ್ದಾಣ.

ಡಿಪೋದಲ್ಲಿ ಇಬಾರಾ ಕಾಯುತ್ತಿದ್ದ. ನಾನೇ ಗಾಡಿ ಕಲಿಸಿದ ಹುಡುಗ, ಈಗ ನನ್ನ ಮೇಲಧಿಕಾರಿ, ತಲೆ ನನಗಿಂತ ಹೆಚ್ಚು ಬೆಳ್ಳಗಾಗಿದೆ.

"ಗುರುಗಳೇ, ಯಾಕೆ ನಿಲ್ಲಿಸಿದ್ರಿ?"

"ನಲವತ್ತೊಂದು ವರ್ಷದಿಂದ ನಿಲ್ಲಿಸ್ತಿದ್ನಲ್ಲ."

"ಕಾರಣದ ಜಾಗದಲ್ಲಿ ಹಂಗಂತ ಬರೆಯಕ್ಕಾಗತ್ತಾ?"

ಇಲ್ಲದ ನಿಲುಗಡೆಯಲ್ಲಿ ನಿಲ್ಲಿಸಿದ ಚಾಲಕ ವಿಚಾರಣೆ ಮುಗಿಯುವವರೆಗೆ ಸೀಟು ಬಿಡಬೇಕು. ವಿಚಾರಣೆಗೆ ಅರ್ಧ ವರ್ಷ. ನನ್ನ ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಲೆಕ್ಕ ನಮ್ಮಿಬ್ಬರಿಗೂ ಗೊತ್ತಿತ್ತು. ಕೊನೆಯ ಓಟದ ದಿನ ಚಾಲಕನ ಹೆಂಡತಿ ಅವನ ಹಿಂದಿನ ಸೀಟಿನಲ್ಲಿ ಕೂತು ಇಡೀ ಮಾರ್ಗ ಬರುವುದು ನಮ್ಮ ಡಿಪೋದ ವಾಡಿಕೆ. ನನ್ನ ಫುಮಿಯೆ ಅದಕ್ಕೆಂದೇ ನೀಲಿ ಕೋಟು ಹೊಲಿಸಿಟ್ಟಿದ್ದಳು. ವಾರಕ್ಕೊಮ್ಮೆ ತೆಗೆದು ಗಾಳಿಗೆ ಹಾಕುತ್ತಿದ್ದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಕಾಬೆ ಬಂದಳು. ಕಾಲಲ್ಲಿ ಅದೇ ರಾತ್ರಿಪಾಳಿಯ ಬೂಟು.

"ಚಹಾಕ್ಕೆ ನೀರಿಟ್ಟಾಗ ತಲೆಗೆ ಹೊಳೀತು, ಅಯ್ಯೋ, ನಾನು ಇಳಿದದ್ದೆಲ್ಲಿ ಅಂತ! ನೋಡ್ರಪ್ಪಾ, ತುರ್ತು ಗಂಟೆ ಬಾರಿಸಿದ್ದು ನಾನೇ. ತಲೆ ಸುತ್ತು ಬಂದಿತ್ತು. ಬರ್ಕೊಳ್ಳಿ."

"ಗಂಟೆ ಬಾರಿಸ್ಲಿಲ್ವಲ್ಲಮ್ಮಾ" ಎಂದೆ.

"ನೀವು ಸುಮ್ನಿರಿ, ನುಕಾಗಾ. ಹದಿಮೂರು ದಿನದಿಂದ ಮುಂದಿನ ನಿಲ್ದಾಣದಲ್ಲಿಳಿದು ಗುಡ್ಡ ಹತ್ತಿ ವಾಪಸ್ ನಡೀತಿದೀನಿ. ಇವತ್ತೊಂದಿನ ಮಂಡಿ ನನ್ನ ಶಪಿಸ್ಲಿಲ್ಲ. ಅಷ್ಟು ಸುಳ್ಳು ಹೇಳದಿದ್ರೆ ಮಂಡಿಗೆ ಬೇಜಾರಾಗತ್ತೆ."

ಇಬಾರಾ ನಕ್ಕ. ಮೂರು ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. ಹಳೆಯ ಡಬ್ಬಿಯಲ್ಲಿ ಗಂಟೆಯ ದಾಖಲೆ ಉಳಿಯುವುದಿಲ್ಲ. ಅವನು ಸರಸರನೆ ಬರೆದ: ಪ್ರಯಾಣಿಕರ ಅಸ್ವಸ್ಥತೆ. ಮಕಾಬೆ ಸಹಿ ಹಾಕಿ, ಬೆಂಚಿನ ಮೇಲೆ ಕೂತವಳು ಹಾಗೇ ನಿದ್ದೆಹೋದಳು.

"ಒಂದು ಮಾಮೂಲಿ ಪ್ರಶ್ನೆ ಉಳೀತು" ಎಂದು ಇಬಾರಾ ತಲೆಯೆತ್ತದೆ ಕೇಳಿದ. "ಆಮೇಲೆ ಕವಾಮಿಯಲ್ಲಿ ಕೆಂಪು ದೀಪ ನೋಡೇ ನಿಲ್ಲಿಸಿದ್ರಿ ತಾನೆ?"

"ಕೆಂಪು ಅಂತ ಕೂಗಿದೆ."

"ನೋಡಿದ್ರಿ ತಾನೆ?"

ನೆನಪು ಮಾಡಿಕೊಳ್ಳಲು ನೋಡಿದೆ. ನನ್ನ ದನಿ ನೆನಪಿತ್ತು. ಚಾಚಿದ ಬೆರಳು, ಕೈಗವಸಿನ ತುದಿಯ ಕೊಳೆ ನೆನಪಿತ್ತು. ದೀಪ ನೆನಪಿರಲಿಲ್ಲ. ನಿನ್ನೆಯದೂ ಇರಲಿಲ್ಲ. ಕಣ್ಣು ಮೈಮರೆಯದಿರಲಿ ಎಂದೇ ನಮಗೆ ಬೆರಳು ತೋರಿಸಿ ಕೂಗುವುದನ್ನು ಕಲಿಸಿದ್ದು. ಕಣ್ಣು ಯಾವಾಗಲೋ ಇಳಿದುಹೋಗಿತ್ತು. ಬೆರಳೊಂದೇ ಡ್ಯೂಟಿ ಮಾಡುತ್ತಿತ್ತು.

"ನೋಡಿದ್ದು ನೆನಪಿಲ್ಲ" ಎಂದೆ.

ಇಬಾರಾ ಪೆನ್ನು ಕೆಳಗಿಟ್ಟ. "ಅದು ನಂಗೆ ಕೇಳಿಸ್ಲಿಲ್ಲ."

"ಇವತ್ತು ಮುಚ್ಚಿದ ನಿಲ್ದಾಣದಲ್ಲಿ ನಿಂತೆ. ನಾಳೆ ಕವಾಮಿಯಲ್ಲಿ ನಿಲ್ಲದೆ ಹೋದ್ರೆ? ಎದುರುಗಡೆಯವನು ಅದೇ ಹಳಿ ಮೇಲೆ ಬರ್ತಿರ್ತಾನೆ."

"ಗುರುಗಳೇ, ನಮ್ಮ ಚಾಲಕರಲ್ಲಿ ಇಬ್ರು ಬಸ್ ಓಡ್ಸಕ್ಕೆ ಹೋದ್ರು. ಒಬ್ಬ ಬೆನ್ನು ಹಿಡ್ಕೊಂಡು ಮಲಗಿದಾನೆ. ನೀವೂ ಇಲ್ಲ ಅಂದ್ರೆ ಇನ್ಮೇಲೆ ಆರು ಐವತ್ತೆರಡೇ ಇಲ್ಲ." ಅವನು ಬೆಂಚಿನತ್ತ ಗಲ್ಲ ಚಾಚಿದ. "ಇವ್ರು ಪೂರ್ತಿ ನಡೀಬೇಕಾಗತ್ತೆ."

ನಾನು ಮಕಾಬೆಯ ಬೂಟು ನೋಡಿದೆ. ಹಿಮ್ಮಡಿ ಒಂದೇ ಕಡೆ ಸವೆದಿತ್ತು.

"ಎರಡು ದಿನ ಹೇಗಾದ್ರೂ ನಾನೇ ಓಡಿಸ್ತೀನಿ, ನೀವು ಮಲ್ಗಿ. ಆಮೇಲೆ ಬನ್ನಿ. ಸೀಟು ನಿಮ್ದೇ, ಕೊನೇ ಓಟ ನಿಮ್ದೇ. ಫುಮಿಯೆ ಅಮ್ಮಂಗೆ ನಾನೇ ಹೂ ಕೊಡ್ತೀನಿ." ಕಾಗದವನ್ನು ನನ್ನ ಕಡೆ ತಿರುಗಿಸಿ, ಕೆಂಪು ಮಸಿಯ ಡಬ್ಬಿಯ ಮುಚ್ಚಳ ತೆಗೆದಿಟ್ಟ. "ನಿಮ್ಮ ಮುದ್ರೆ ಒಂದು ಹಾಕ್ಬಿಡಿ."

ಸಹಿಯ ಬದಲು ಒತ್ತುವ, ಹೆಸರು ಕೆತ್ತಿದ ಮುದ್ರೆ ಜೇಬಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಕೈಗವಸು ಕಳಚಿ, ಒಂದರ ಮೇಲೊಂದು ಮಡಿಸಿ ಮೇಜಿನ ಮೇಲಿಟ್ಟೆ.

"ಹಾಕಲ್ಲ" ಎಂದೆ.