ಸೋತವನ ನಡಿಗೆ

ನನ್ನ ಕುಸ್ತಿ ಕಾದಂಬರಿಯ ಕೊನೆಯಲ್ಲಿ ಹುಡುಗ ಸೋಲುತ್ತಾನೆ. ಅದನ್ನು ಬದಲಿಸದಿದ್ದರೆ ಪುಸ್ತಕ ಅಚ್ಚಾಗುವುದಿಲ್ಲ ಎಂದು ಹೇಳಲು ಸಂಪಾದಕ ಡೆಸ್ಮಂಡ್ ನ್ಯೂಯಾರ್ಕಿನಿಂದ ಅಯೋವಾಕ್ಕೇ ಬಂದಿದ್ದ. ಅವನನ್ನು ನಮ್ಮೂರ ಶಾಲೆಯ ಪಂದ್ಯಕ್ಕೆ ಕರೆದೊಯ್ದೆ.

“ಗೆಲ್ಲಿಸ್ಬಿಡು, ಮಾರ್ಲಿಸ್. ಸೋತೋನ ಕಥೆ ಯಾರು ಓದ್ತಾರೆ?”

“ಸುಮ್ನೆ ನೋಡು,” ಎಂದೆ.

ನಮ್ಮ ಶಾಲೆಯ ಹುಡುಗ ಚಿತ್ ಆದ. ರೆಫರಿ ಎದುರಾಳಿಯ ಕೈ ಎತ್ತಿದ. ನಮ್ಮವನು ಅಳು ನುಂಗಿಕೊಂಡು, ಮ್ಯಾಟ್ ದಾಟಿ ಹೋಗಿ, ತನ್ನನ್ನು ಸೋಲಿಸಿದವನ ಕೋಚ್‌ನ ಕೈ ಕುಲುಕಿದ.

“ಸೋತೋನು ಹಾಗೆ ಹೋಗಿ ಕೈ ಕುಲುಕ್ಲೇಬೇಕಾ?” ಡೆಸ್ಮಂಡ್ ಕೇಳಿದ.

“ಹೋಗ್ಲೇಬೇಕು. ಗೆದ್ದೋನೂ ಹೋಗ್ತಾನೆ, ಆದ್ರೆ ಅವನಿಗೆ ಅದು ಸುಲಭ. ನಾನು ಪುಸ್ತಕ ಬರೆದಿರೋದೇ ಈ ನಡಿಗೆಗೋಸ್ಕರ.”

“ನಾವು ಅಚ್ಚು ಮಾಡಲ್ಲ ಅಂದ್ರೆ?”

“ಬೇರೆಯವ್ರಿಗೆ ಕೊಡ್ತೀನಿ. ಹುಡುಗನ್ನಂತೂ ಗೆಲ್ಲಿಸಲ್ಲ.”

ಇನ್ನೂ ಎರಡು ಕುಸ್ತಿಗಳಲ್ಲಿ ಸೋತವರು ಹಾಗೇ ನಡೆದುಹೋಗುವುದನ್ನು ಅವನು ನೋಡಿದ. ಆಮೇಲೆ, “ಇದಕ್ಕೋಸ್ಕರ ಬರೆದೆ ಅಂತೀಯ, ಆದ್ರೆ ಪುಸ್ತಕದಲ್ಲಿ ಇದು ಒಂದೇ ಸಾಲಲ್ಲಿ ಮುಗ್ದುಹೋಗಿದೆಯಲ್ಲೇ ಮಾರಾಯ್ತಿ,” ಎಂದ.

ನಿಜ. ಹುಟ್ಟಿದಾಗಿನಿಂದ ನೋಡಿದ್ದನ್ನು ಬಿಡಿಸಿ ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದವಳೇ ತಿದ್ದಲು ಕುಳಿತೆ. ಆ ನಡಿಗೆ ಒಂದಿಡೀ ಅಧ್ಯಾಯವಾಯಿತು. ಹುಡುಗ ಈಗಲೂ ಸೋಲುತ್ತಾನೆ.