ಕಾಣದ ಬೆಳಕು, ರಾಜೀವನ ಎಡಗಾಲು

೧
ಎಲ್ಲಿಂದ ಶುರು ಮಾಡಲಿ? ‘ರಣರಂಗದಲ್ಲಿ ಗುಂಡು ತಗುಲಿ’ ಎಂದು ಬರೆದೆ, ಹೊಡೆದುಹಾಕಿದೆ. ಈ ಸೈನಿಕ ಇನ್ನೂ ಯುದ್ಧವನ್ನೇ ನೋಡಿಲ್ಲ. ಉಪ್ಪಿನಬೆಟಗೇರಿಯ ರಾಜೀವ; ೨೦೦೪ರಲ್ಲಿ ಸೈನ್ಯ ಸೇರಿ ಮೂರೇ ತಿಂಗಳು. ದಿನಾ ಬೂಟು ಹಾಕಿ ಓಡಿ ಓಡಿ ಎಡ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. (ಇಷ್ಟೇನಾ ಅನ್ನಬೇಡಿ. ಓಡುವಾಗ ಅದು ಪೂರ್ತಿ ಮುರಿಯಬಹುದು.)

೨
ಧಾರವಾಡದ ಹೊರಗಿನ ತರಬೇತಿ ಶಿಬಿರದಲ್ಲಿ (ಶಿಬಿರ ನನ್ನ ಕಲ್ಪನೆ, ಹುಡುಕಿಕೊಂಡು ಹೋಗಬೇಡಿ) ಬೆಳಕಿನ ಚಿಕಿತ್ಸೆಯ ಪ್ರಯೋಗ ನಡೆದಿತ್ತು. ಫಿಸಿಯೋಥೆರಪಿಸ್ಟ್ ಶಹಜಹಾನಬೇಗಂ ದಿನಾ ಅರ್ಧ ಗಂಟೆ ಅವನ ಕಾಲಿಗೆ ಯಂತ್ರದ ಪಟ್ಟಿ ಕಟ್ಟುತ್ತಿದ್ದರು.

“ಮೇಡಂ, ಬೆಳಕು ಕಾಣವಲ್ದಲ್ರಿ?”

“ಇದು ಕಣ್ಣಿಗೆ ಕಾಣೂ ಬೆಳಕಲ್ಲಪಾ. ಬೆಳಕಿನಿಂದ ಎಲುಬು ಕೂಡತೈತೋ ಇಲ್ಲೋ ನೋಡಾಕ ಅರ್ಧ ಮಂದಿಗೆ ಖರೇ ಬೆಳಕು, ಇನ್ನರ್ಧ ಮಂದಿಗೆ ಬರೇ ಖಾಲಿ ಯಂತ್ರ. ನಿನಗ ಯಾವ್ದು ಅಂತ ನನಗೂ ಹೇಳಿಲ್ಲ.”

ಅಂದಿನಿಂದ ರಾಜೀವನಿಗೆ ಊಟ ಸೇರಲಿಲ್ಲ. ಸೋಮವಾರ ಓಟದ ಪರೀಕ್ಷೆ. ಎರಡನೇ ಸಲವೂ ತಪ್ಪಿಸಿದರೆ ಮನೆಗೆ ಕಳಿಸುತ್ತಾರೆ. ಮಗ ಸೈನ್ಯ ಸೇರಿದನೆಂದು ಅವ್ವ ಮುತ್ತವ್ವ ಊರ ತುಂಬ ಸಕ್ಕರೆ ಹಂಚಿ ಆಗಿದೆ. ಓಡಿದರೆ? ಆ ಯೋಚನೆ ಬಂದಾಗಲೆಲ್ಲ ಕೈ ತಾನಾಗಿ ಕಾಲಿಗೆ ಹೋಗುತ್ತಿತ್ತು.

೩
(ಇಲ್ಲಿ ರಾಜೀವ ನನ್ನ ಮೇಲೇ ಏರಿ ಬಂದ.)

“ಕತಿ ಬರಿಯವ್ರು ನೀವು. ನನ್ನ ಯಂತ್ರದಾಗ ಬೆಳಕು ಐತೋ ಇಲ್ಲೋ, ಅಷ್ಟ ಹೇಳ್ರಿ.”

“ನನಗೂ ಗೊತ್ತಿಲ್ಲಪ್ಪ.”

“ಮತ್ಯಾಕ ಬರ್ಯಾಕತ್ತೀರಿ?”

ಮುಂದಿನ ಪ್ಯಾರಾಕ್ಕೆ ಓಡಿಬಂದೆ. ಲೇಖಕರ ಕಾಲು ಗಟ್ಟಿ, ನೋಡಿ.

೪
ಶನಿವಾರ ಬೇಗಂ ಅವನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದರು. “ನೋವೈತಿ?”

“ಇಲ್ರಿ.”

ಕಾಲ್ಬೆರಳು ಮುದುಡಿದ್ದನ್ನು ಅವರು ನೋಡಿಬಿಟ್ಟರು. “ಸುಳ್ಳು ಹೇಳಬ್ಯಾಡ. ಓಡೂ ಹೊತ್ತಿನ್ಯಾಗ ಎಲುಬು ಮುರದದ್ದು ನೋಡೇನಿ ನಾನು. ಆ ಸಪ್ಪಳ ಇನ್ನೂ ಕಿವ್ಯಾಗೈತಿ.” ‘ಓಡಬಾರದು’ ಎಂದು ಚೀಟಿ ಬರೆದು ಕೈಗಿಟ್ಟರು. “ಓಟದ ಪರೀಕ್ಷಾ ನಡಸೂ ಸುಬೇದಾರರಿಗೆ ಕೊಡು.”

ಅಂತ್ಯ ಒಂದು: ಚೀಟಿ ಕೊಡುತ್ತಾನೆ, ಕಾಲು ಉಳಿಯುತ್ತದೆ, ನೌಕರಿ ಹೋಗುತ್ತದೆ. ಅಂತ್ಯ ಎರಡು: ಓಡಿ ಪಾಸಾಗುತ್ತಾನೆ. ಮೂರನೆಯದನ್ನು ಬರೆಯಲು ಕೂತೆ. ಎಲುಬು ಮುರಿಯುವ ಆ ಸಪ್ಪಳಕ್ಕೆ ಅಕ್ಷರ ಹೊಂದಿಸಲು ಹೋಗಿ ನನ್ನ ಕಾಲೇ ಜುಮ್ಮೆಂದಿತು. ಹರಿದುಹಾಕಿದೆ.

೫
ಸೋಮವಾರ ಬೆಳಿಗ್ಗೆ ರಾಜೀವ ಚೀಟಿಯನ್ನು ಸಾಕ್ಸಿನೊಳಗೆ ತುರುಕಿ ಗೆರೆಯ ಮೇಲೆ ನಿಂತ. ಸುಬೇದಾರರು ಸೀಟಿಯನ್ನು ತುಟಿಗಿಟ್ಟರು. ನಾನು ಬರೆದರೆ ಮಾತ್ರ ಅದು ಕೂಗುತ್ತದೆ. ಬರೆಯಲಿಲ್ಲ.

“ಲಗೂ ಊದಸ್ರಿ,” ಎಂದ ರಾಜೀವ, ನನ್ನ ಕಡೆ ನೋಡದೆ. “ನಿಂತಷ್ಟೂ ಅಂಜಿಕಿ ಬರತೈತಿ.”

“ಮೊದಲು ಚೀಟಿ ಕೊಡು.”

“ನೀವು ಊದಸ್ರಿ.”

ಪೆನ್ನು ಹಾಳೆಯ ಮೇಲಿದೆ. ಎತ್ತಲಾರೆ, ಒತ್ತಲಾರೆ.